ಮರೆಯಲ್ಲಿ ನಿಂತ ಪ್ರಚಾರ ಮತ್ತು ಸಣ್ಣ ಉದ್ಯಮದ ಹೆಸರು

ಯಶವಂತಪುರವೆಂದರೆ ಕೃಷಿ ಉತ್ಪನ್ನ ಮಾರುಕಟ್ಟೆ, ಪೀಣ್ಯವೆಂದರೆ ಯಂತ್ರೋಪಕರಣ, ಯಲಹಂಕವೆಂದರೆ ರೈಲು ಗಾಲಿ ಕಾರ್ಖಾನೆ: ಉತ್ತರ ಬೆಂಗಳೂರನ್ನು ವರ್ತಕ ಸಮುದಾಯವು ಬಹುಕಾಲ ಗುರುತಿಸುತ್ತಿದ್ದುದು ಹೀಗೆ. ಈ ಪಟ್ಟಿಗೆ ಕಳೆದ ಮೂರು ದಶಕಗಳಲ್ಲಿ ಇನ್ನೊಂದು ಕಸುಬು ಸೇರಿಕೊಂಡಿದೆ. ಯಲಹಂಕದಲ್ಲಿ 1996ರಲ್ಲಿ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆ ಆರಂಭವಾಯಿತು. ಯಶವಂತಪುರದ ಸಮೀಪ, ತುಮಕೂರು ರಸ್ತೆಯ ಬದಿಯ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 2006ರಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆಯಿತು. ವಿನ್ಯಾಸ ಕಲಿತ ಯುವಜನರು ನಗರದ ಈ ಭಾಗದಲ್ಲಿಯೇ ಮನೆಯ ಮಹಡಿಯಲ್ಲೋ ಅಂಗಡಿಯ ಮೇಲಿನ ಕೋಣೆಯಲ್ಲೋ ಎರಡು ಮೂರು ಗಣಕಯಂತ್ರಗಳನ್ನಿಟ್ಟುಕೊಂಡು ಸ್ವಂತ ಸ್ಟುಡಿಯೊ ನಡೆಸುವುದು ಇಂದು ಸಾಮಾನ್ಯ ಸಂಗತಿಯಾಗಿದೆ.

ಸಣ್ಣ ಕೈಗಾರಿಕೆಗಳ ದೃಷ್ಟಿಯಿಂದ ಇದು ಸ್ವಾಗತಾರ್ಹ ಬೆಳವಣಿಗೆ. ಉಪ್ಪಿನಕಾಯಿ ಶೀಶೆಯ ಚೀಟಿ, ಅಗರಬತ್ತಿಯ ಪೊಟ್ಟಣ, ಪಂಪ್‌ಸೆಟ್ಟಿನ ಕ್ಯಾಟಲಾಗು, ಯಂತ್ರದ ಗುಂಡಿಗಳ ಫಲಕ ಮುಂತಾದವುಗಳ ವಿನ್ಯಾಸಕ್ಕೆ ದೊಡ್ಡ ಜಾಹೀರಾತು ಸಂಸ್ಥೆಗಳ ಬಾಗಿಲು ತಟ್ಟುವ ಶಕ್ತಿ ಎಲ್ಲ ಉದ್ಯಮಿಗಳಿಗೂ ಇರುವುದಿಲ್ಲ. ಕೈಗೆಟಕುವ ದರದಲ್ಲಿ, ಕರೆದರೆ ಕಾರ್ಖಾನೆಗೇ ಬಂದು ನೋಡುವ ವಿನ್ಯಾಸಕಾರರು ನೆರೆಯಲ್ಲಿಯೇ ಇರುವುದು ಉಭಯತರಿಗೂ ಲಾಭದಾಯಕ.

ಆದರೆ ಹೊಸ ಸ್ಟುಡಿಯೊಗೆ ಮೊದಲ ಗಿರಾಕಿ ಎಲ್ಲಿಂದ ಬರಬೇಕು? ಪತ್ರಿಕಾ ಜಾಹೀರಾತಿಗೆ ಹಣವಿಲ್ಲ, ಶಿಫಾರಸು ಮಾಡುವ ಹಳೆಯ ಗಿರಾಕಿಗಳೂ ಇಲ್ಲ. ಇಂಥ ಸಂದರ್ಭದಲ್ಲಿ ಒಂದು ಅಡ್ಡದಾರಿ ಕೈಬೀಸಿ ಕರೆಯುತ್ತದೆ. ಮೂವರು ನಡೆಸುವ ಒಂದು ಸ್ಟುಡಿಯೊವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅದು ಹೆಸರಾಂತ ಸರಕೊಂದರ ಹೊದಿಕೆಯನ್ನು ತಾನೇ ಹೊಸದಾಗಿ ಬಿಡಿಸಿ, ಕಂಪನಿಯಿಂದಲೇ ಸೋರಿಬಂದ ಚಿತ್ರವೆಂಬಂತೆ ವಾಟ್ಸ್‌ಆ್ಯಪಿನಲ್ಲಿ ಹರಿಯಬಿಡುತ್ತದೆ. ಸ್ನೇಹಿತರು ಅಪರಿಚಿತರಂತೆ ನಟಿಸಿ ಹೊಗಳುತ್ತಾರೆ. ನೆಂಟರಿಷ್ಟರು ಗಿರಾಕಿಗಳ ವೇಷದಲ್ಲಿ ಐದು ನಕ್ಷತ್ರಗಳ ಪ್ರಶಂಸೆ ಬರೆಯುತ್ತಾರೆ. ಮೂರನೆಯ ದಿನ ಯಾರೋ ಒಬ್ಬರು ಏನೂ ಅರಿಯದವರಂತೆ ಆ ಸ್ಟುಡಿಯೊದ ಹೆಸರನ್ನು ಹೊರಗೆಡಹುತ್ತಾರೆ. ಖರ್ಚು ಶೂನ್ಯ, ಪ್ರಚಾರ ಅಪಾರ. ಮೇಲ್ನೋಟಕ್ಕೆ ಇದು ಜಾಣತನವೆನಿಸಬಹುದು. ಪರಿಣಾಮಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಇದು ಸ್ಟುಡಿಯೊಗೂ ಅದಕ್ಕೆ ಕೆಲಸ ಕೊಡುವ ಉದ್ಯಮಿಗೂ ನಷ್ಟದ ವ್ಯವಹಾರ.

ಎರಡು ಪದಗಳ ಬೆರಕೆ

ವೈರಲ್ ಎಂಬುದನ್ನೂ ಗುಟ್ಟು ಎಂಬುದನ್ನೂ ಒಂದೇ ಎಂದು ತಿಳಿಯುವುದು ಈ ವಿಷಯದಲ್ಲಿ ಆಗುವ ಮೊದಲ ತಪ್ಪು. ಒಬ್ಬರಿಂದ ಒಬ್ಬರಿಗೆ ತಾನಾಗಿ ಹಬ್ಬುವ ಪ್ರಚಾರ ವೈರಲ್ ಪ್ರಚಾರ. ಪ್ರಚಾರ ಮಾಡುತ್ತಿರುವವರು ಯಾರು ಎಂಬುದನ್ನು ಮುಚ್ಚಿಡುವುದು ಗುಟ್ಟಿನ ಪ್ರಚಾರ. ಮೊದಲನೆಯದಕ್ಕೆ ಎರಡನೆಯದರ ಅಗತ್ಯವಿಲ್ಲ.

ವೈರಲ್ ಮಾರ್ಕೆಟಿಂಗ್ ಎಂಬ ಪದವನ್ನು ಬಳಕೆಗೆ ತಂದ ಹಾಟ್‌ಮೇಲ್ ಉದಾಹರಣೆಯೇ ಇದಕ್ಕೆ ಸಾಕ್ಷಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಡನೆ 1996ರ ಜುಲೈನಲ್ಲಿ ಈ ಅಂಚೆ ಸೇವೆಯನ್ನು ಆರಂಭಿಸಿದರು. ಅದರ ಮೂಲಕ ಕಳುಹಿಸಿದ ಪ್ರತಿಯೊಂದು ಪತ್ರದ ಕೊನೆಯಲ್ಲಿ, ನೀವೂ ಉಚಿತವಾಗಿ ಖಾತೆ ತೆರೆಯಬಹುದು ಎಂಬ ಅರ್ಥದ ಒಂದು ಸಾಲು ಇರುತ್ತಿತ್ತು. ಒಂದೂವರೆ ವರ್ಷದೊಳಗೆ ಬಳಕೆದಾರರ ಸಂಖ್ಯೆ ಕೋಟಿಯನ್ನು ಸಮೀಪಿಸಿತು. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಆ ಸಾಲು ಯಾರದೆಂಬುದರಲ್ಲಿ ಯಾವ ಗುಟ್ಟೂ ಇರಲಿಲ್ಲ. ಪತ್ರ ಓದಿದವರಿಗೆ ಅದು ಜಾಹೀರಾತೆಂದು ತಿಳಿಯುತ್ತಿತ್ತು, ತಿಳಿದೂ ಅವರು ಸೇರಿಕೊಂಡರು.

ಇನ್ನೂ ಹತ್ತಿರದ ನಿದರ್ಶನ ಆರ್.ಟಿ. ನಗರದ ಪಕ್ಕದಲ್ಲಿಯೇ ಇದೆ. 2015ರ ಜೂನ್ ತಿಂಗಳಲ್ಲಿ ಸುಲ್ತಾನ್‌ಪಾಳ್ಯ ಮುಖ್ಯರಸ್ತೆಯ ದೊಡ್ಡ ಗುಂಡಿಯೊಂದರಲ್ಲಿ ಮೊಸಳೆ ಕಾಣಿಸಿಕೊಂಡಿತು. ಮೈಸೂರಿನಲ್ಲಿ ಕಲಾಶಿಕ್ಷಣ ಪಡೆದ ಬಾದಲ್ ನಂಜುಂಡಸ್ವಾಮಿ ಅವರು ಗುಂಡಿಯ ನೀರಿಗೆ ಹಸಿರು ಬಣ್ಣ ಹಾಕಿ ಕೃತಕ ಮೊಸಳೆಯನ್ನು ಇಳಿಸಿದ್ದರು. ಚಿತ್ರ ದೇಶದಾದ್ಯಂತ ಹಬ್ಬಿತು, ಅಂದಿನ ಮಹಾನಗರ ಪಾಲಿಕೆ ಎಚ್ಚೆತ್ತು ರಸ್ತೆಯನ್ನು ದುರಸ್ತಿಗೊಳಿಸಿತು. ಗಿರಾಕಿಗಳನ್ನು ಸೆಳೆಯಲು ಮಾಡಿದ ಕೆಲಸ ಅದಾಗಿರಲಿಲ್ಲ, ನಾಗರಿಕರ ದೂರನ್ನು ಆಡಳಿತಕ್ಕೆ ಮುಟ್ಟಿಸುವುದು ಅದರ ಉದ್ದೇಶವಾಗಿತ್ತು. ಆದರೂ ವ್ಯಾಪಾರಿಗಳು ಅದರಿಂದ ಕಲಿಯಬಹುದಾದುದು ಇದೆ. ಮಾಡಿದ್ದು ತಾವೇ ಎಂದು ಕಲಾವಿದರು ತಮ್ಮ ಹೆಸರಿನಲ್ಲಿಯೇ ಪತ್ರಿಕೆಗಳೊಡನೆ ಮಾತನಾಡಿದರು. ಅವರ ಕೌಶಲವೇನು, ಅವರು ಯಾರು ಎಂಬುದು ಏಕಕಾಲಕ್ಕೆ ಜನರಿಗೆ ತಿಳಿಯಿತು. 2019ರ ಸೆಪ್ಟೆಂಬರಿನಲ್ಲಿ, ಚಂದ್ರನ ಮೇಲೆ ನಡೆಯುವವನಂತೆ ಉಡುಪು ತೊಡಿಸಿ ನಟರೊಬ್ಬರನ್ನು ಗುಂಡಿಬಿದ್ದ ರಸ್ತೆಯಲ್ಲಿ ನಡೆಸಿದ ಅವರ ದೃಶ್ಯಾವಳಿ ಮತ್ತೆ ಲೋಕವನ್ನೆಲ್ಲ ಸುತ್ತಿತು. ಮೊದಲ ಕೆಲಸ ಅನಾಮಧೇಯವಾಗಿದ್ದರೆ, ಎರಡನೆಯದನ್ನು ನೋಡಿದವರು ಮೊದಲಿನದನ್ನು ನೆನೆಯುತ್ತಿರಲಿಲ್ಲ. ಹೆಸರಿಲ್ಲದ ಪ್ರಚಾರದಿಂದ ಹೆಸರು ಬೆಳೆಯುವುದಿಲ್ಲ.

ಇದಕ್ಕಿಂತ ಬಹಳ ಹಳೆಯ ಪಾಠವೊಂದೂ ಈ ಭಾಗದಲ್ಲಿದೆ. ಯಶವಂತಪುರದ ಬಳಿ ಮೆಟ್ರೊ ನಿಲ್ದಾಣಕ್ಕೆ ಹೆಸರು ಕೊಟ್ಟಿರುವ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಎಸ್.ಜಿ. ಶಾಸ್ತ್ರಿಯವರು ಸಾಬೂನಿನ ಸುಗಂಧಕ್ಕೆ ಕೊಟ್ಟಷ್ಟೇ ಗಮನವನ್ನು ಅದರ ಅಂಡಾಕಾರಕ್ಕೂ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆಗೂ, ಆನೆಯ ತಲೆ ಮತ್ತು ಸಿಂಹದ ದೇಹದ ಶರಭ ಲಾಂಛನಕ್ಕೂ ಕೊಟ್ಟರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ನಡೆಸಿ ಈ ಸಾಬೂನಿಗೆ ಪ್ರಚಾರ ನೀಡಲಾಗಿತ್ತು. ಊರಿನ ಬಾಯಿಗೆ ಬೀಳಬೇಕೆಂಬ ಹಂಬಲ ಅಂದಿಗೂ ಇತ್ತು, ಆದರೆ ಅಲ್ಲಿ ಮೆರವಣಿಗೆ ಹೊರಟಿದ್ದು ಸಾಬೂನಿನ ಸ್ವಂತ ಹೆಸರಿನಲ್ಲಿ.

ವಿನ್ಯಾಸಕಾರನ ಆಟ, ಗಿರಾಕಿಯ ದಂಡ

ಸ್ಟುಡಿಯೊ ತನ್ನ ಪ್ರಚಾರವನ್ನು ಹೇಗಾದರೂ ಮಾಡಿಕೊಳ್ಳಲಿ, ಅದರಿಂದ ಉದ್ಯಮಿಗೇನು ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ತನಗಾಗಿ ಮುಖವಾಡ ಹಾಕಿ ಗೆದ್ದವನು ಗಿರಾಕಿಗೂ ಅದೇ ಮುಖವಾಡವನ್ನು ಮಾರುತ್ತಾನೆ. ಅಂಥ ಜಾಣತನಕ್ಕೆ ಮಾರುಹೋಗಿ ಬಂದ ಗಿರಾಕಿಯೂ ಅದನ್ನೇ ಕೇಳುತ್ತಾನೆ. ಆಟ ಕೆಟ್ಟಾಗ ಬಿಲ್ಲು ಬರುವುದು ದೊಡ್ಡ ಹೆಸರಿರುವವನ ವಿಳಾಸಕ್ಕೆ.

ಅಮೆರಿಕದ ಬೋಸ್ಟನ್ ನಗರದಲ್ಲಿ 2007ರ ಜನವರಿ 31ರಂದು ನಡೆದುದು ಇದಕ್ಕೆ ತಕ್ಕ ದೃಷ್ಟಾಂತ. ಇಂಟರ್‌ಫಿಯರೆನ್ಸ್ ಎಂಬ ನ್ಯೂಯಾರ್ಕಿನ ಪ್ರಚಾರ ಸಂಸ್ಥೆಯು ಟರ್ನರ್ ಬ್ರಾಡ್‌ಕಾಸ್ಟಿಂಗಿನ ವ್ಯಂಗ್ಯಚಿತ್ರ ಕಾರ್ಯಕ್ರಮವೊಂದಕ್ಕಾಗಿ ದೀಪದ ಫಲಕಗಳನ್ನು ಸೇತುವೆ, ಕಂಬಗಳಿಗೆ ಗುಟ್ಟಾಗಿ ಅಂಟಿಸಿತ್ತು. ಅವು ಯಾರವು, ಏತಕ್ಕೆ ಎಂಬ ಬರಹವಿರಲಿಲ್ಲ. ಬಾಂಬುಗಳಿರಬಹುದೆಂದು ಪೊಲೀಸರು ರಸ್ತೆ ಸೇತುವೆಗಳನ್ನು ಮುಚ್ಚಿದರು. ಫಲಕ ಅಂಟಿಸಿದ ಇಬ್ಬರು ಬಂಧನಕ್ಕೊಳಗಾದರು. ಪರಿಹಾರವಾಗಿ 20 ಲಕ್ಷ ಡಾಲರು ಪಾವತಿಯಾಯಿತು, ಕಾರ್ಟೂನ್ ನೆಟ್‌ವರ್ಕಿನ ಮುಖ್ಯಸ್ಥರು ರಾಜೀನಾಮೆ ನೀಡಿದರು. ಕೆಲಸ ಮಾಡಿದ್ದು ಪ್ರಚಾರ ಸಂಸ್ಥೆ, ತಲೆ ತಗ್ಗಿಸಿದ್ದು ಕೆಲಸ ಕೊಟ್ಟ ಕಂಪನಿ.

ನಮ್ಮ ದೇಶದಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ. 2024ರ ಫೆಬ್ರವರಿಯಲ್ಲಿ ನಟಿ ಪೂನಂ ಪಾಂಡೆ ಗರ್ಭಕೊರಳಿನ ಕ್ಯಾನ್ಸರಿನಿಂದ ಮೃತಪಟ್ಟರೆಂಬ ಸುದ್ದಿ ಹಬ್ಬಿ, ಮರುದಿನವೇ ಅದು ಜಾಗೃತಿಗಾಗಿ ಹೆಣೆದ ಸುಳ್ಳೆಂದು ತಿಳಿದುಬಂತು. ಕೈಜೋಡಿಸಿದ್ದ ಶ್‌ಬ್ಯಾಂಗ್ ಎಂಬ ಪ್ರಚಾರ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನೊಯ್ಡಾದ ಯೆಸ್‌ಮೇಡಂ ಎಂಬ ಸೌಂದರ್ಯ ಸೇವಾ ಕಂಪನಿಯು, ಒತ್ತಡವಿದೆಯೆಂದು ಸಮೀಕ್ಷೆಯಲ್ಲಿ ಹೇಳಿದ ನೌಕರರನ್ನು ವಜಾ ಮಾಡಿತೆಂಬ ಪತ್ರ ಹರಿದಾಡಿತು. ಜನರ ಆಕ್ರೋಶ ಎದ್ದ ಬಳಿಕ, ಯಾರನ್ನೂ ವಜಾ ಮಾಡಿಲ್ಲ, ಕೆಲಸದ ಒತ್ತಡದತ್ತ ಗಮನ ಸೆಳೆಯಲು ಯೋಜಿಸಿದ ಪ್ರಯತ್ನವದು ಎಂದು ಕಂಪನಿ ಸಮಜಾಯಿಷಿ ನೀಡಿತು. ಎರಡರಲ್ಲೂ ಹೇಳಿದ ಉದ್ದೇಶ ಒಳ್ಳೆಯದೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಉದ್ದೇಶವಲ್ಲ, ತಾವು ಮೋಸಹೋದೆವೆಂಬ ಭಾವನೆ.

ದೊಡ್ಡ ಕಂಪನಿ ಇಂಥ ಪೆಟ್ಟನ್ನು ತಾಳಿಕೊಳ್ಳಬಹುದು. ಒಂದು ಬಡಾವಣೆಯ ಹತ್ತಾರು ಗಿರಾಕಿಗಳನ್ನು ನಂಬಿ ಬದುಕುವ ಸ್ಟುಡಿಯೊ ತಾಳಲಾರದು. ಪೀಣ್ಯದ ಕಾರ್ಖಾನೆದಾರರು ಒಬ್ಬರಿಗೊಬ್ಬರು ಪರಿಚಿತರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯದೆ ಹೋಗುವುದಿಲ್ಲ. ನೆಂಟರೇ ಬರೆದ ಪ್ರಶಂಸಾಪತ್ರವೆಂದು ಒಬ್ಬ ಉದ್ಯಮಿಗೆ ತಿಳಿದರೆ, ಸಂಘದ ಮುಂದಿನ ಸಭೆಯಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ. ಆಗ ಹಬ್ಬುವ ಸುದ್ದಿಯೂ ಬಾಯಿಂದ ಬಾಯಿಗೇ ಹಬ್ಬುತ್ತದೆ.

ಕಾನೂನಿನ ಮಾತು

ಇಂಥ ಪ್ರಚಾರವು ಬರಿಯ ನೈತಿಕತೆಯ ಪ್ರಶ್ನೆಯಾಗಿ ಉಳಿದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುತ್ತದೆ. ಕಾಯಿದೆಯ 21ನೆಯ ಪ್ರಕರಣದಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕನಿಗೂ ಸರಕನ್ನು ಅನುಮೋದಿಸಿದವನಿಗೂ ರೂ. 10 ಲಕ್ಷದವರೆಗೆ, ತಪ್ಪು ಮರುಕಳಿಸಿದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಹೊಗಳುವವನಿಗೂ ಸರಕಿನವನಿಗೂ ಇರುವ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ವಿಧಿಸಿವೆ. ಜಾಹೀರಾತು ಸಂಸ್ಥೆಗಳಿಗೂ ಈ ಮಾರ್ಗಸೂಚಿಗಳು ಅನ್ವಯವಾಗುತ್ತವೆ. ಜಾಹೀರಾತನ್ನು ಸುದ್ದಿಯಂತೆಯೋ ಬಳಕೆದಾರರ ಬರಹದಂತೆಯೋ ವೇಷ ಮರೆಸಿ ತೋರಿಸುವುದು 2023ರ ನವೆಂಬರಿನಲ್ಲಿ ಪಟ್ಟಿಮಾಡಿದ 13 ಮೋಸದ ವಿಧಾನಗಳಲ್ಲಿ ಒಂದು. ಗ್ರಾಹಕ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವ ಬಗೆಗೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೂ ಹೊರತಂದಿದೆ.

ರಫ್ತುದಾರರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ನಕಲಿ ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ಅಮೆರಿಕದ ನಿಯಮ 2024ರ ಅಕ್ಟೋಬರಿನಲ್ಲಿ, ಬ್ರಿಟನ್ನಿನ ನಿಷೇಧ 2025ರ ಏಪ್ರಿಲಿನಲ್ಲಿ ಜಾರಿಗೆ ಬಂದಿವೆ. ಗೋಡೆ, ಮೇಲ್ಸೇತುವೆಯ ಕಂಬಗಳಿಗೆ ಅನಾಮಧೇಯ ಚೀಟಿ ಅಂಟಿಸುವವರು 1981ರ ಕರ್ನಾಟಕ ಬಹಿರಂಗ ಸ್ಥಳಗಳ ವಿರೂಪ ತಡೆ ಕಾಯಿದೆಯನ್ನು ನೆನಪಿಡುವುದು ಒಳಿತು.

ಇಲ್ಲಿ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಗ್ರಾಹಕ ಕಾಯಿದೆಯ ರಕ್ಷಣೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಕೊಂಡವನಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗಷ್ಟೇ ವಿನಾಯಿತಿ. ಸುಳ್ಳು ಪ್ರಶಂಸೆಗಳನ್ನು ನಂಬಿ ಸ್ಟುಡಿಯೊಗೆ ಕೆಲಸ ಕೊಟ್ಟು ಮೋಸಹೋದ ಕಾರ್ಖಾನೆದಾರನು 1872ರ ಭಾರತೀಯ ಕರಾರು ಕಾಯಿದೆಯ ಮೊರೆಹೋಗಬೇಕು. ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಒಪ್ಪಿಗೆಯ ಮೇಲೆ ನಿಂತ ಕರಾರನ್ನು ಅವನು ರದ್ದುಗೊಳಿಸಬಹುದು. ಆದರೆ ತಪ್ಪು ನಿರೂಪಣೆಯ ಪ್ರಸಂಗದಲ್ಲಿ, ಸಾಮಾನ್ಯ ಎಚ್ಚರಿಕೆಯಿಂದ ವಿಚಾರಿಸಿದ್ದರೆ ಸತ್ಯ ತಿಳಿಯುತ್ತಿತ್ತು ಎನ್ನುವಂತಿದ್ದರೆ 19ನೆಯ ಪ್ರಕರಣವು ಆ ಹಕ್ಕನ್ನು ಕೊಡುವುದಿಲ್ಲ. ಅಂದರೆ ದೂರವಾಣಿ ಎತ್ತಿ ಹಳೆಯ ಗಿರಾಕಿಗಳನ್ನು ವಿಚಾರಿಸುವ ಹೊಣೆ ಕೊಳ್ಳುವವನದೇ.

ತಪ್ಪಿನಲ್ಲಿ ಉದ್ಯಮಿಗಳ ಪಾಲು

ವಿನ್ಯಾಸಕಾರರಿಗೆ ಬುದ್ಧಿ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಅವರು ಅಡ್ಡದಾರಿಯತ್ತ ನೋಡುವುದಕ್ಕೆ ಕೆಲಸ ಕೊಡುವವರ ರೂಢಿಗಳೂ ಕಾರಣ. ಮೂರು ನಾಲ್ಕು ಸ್ಟುಡಿಯೊಗಳಿಂದ ಬಿಟ್ಟಿಯಾಗಿ ಮಾದರಿ ಬಿಡಿಸಿಕೊಂಡು ಒಂದನ್ನು ಆರಿಸುವುದು, ಕೆಲವೊಮ್ಮೆ ಯಾವುದನ್ನೂ ಆರಿಸದೆ ಅವುಗಳ ಅಂಶಗಳನ್ನು ಮುದ್ರಕನಿಗೇ ಕೊಟ್ಟುಬಿಡುವುದು ಅಪರೂಪವೇನಲ್ಲ. ಕೆಲಸ ಮುಗಿದ ಮೇಲೆ ಹಣ ಪಾವತಿಗೆ ತಿಂಗಳುಗಟ್ಟಲೆ ಕಾಯಿಸುವುದೂ ಉಂಟು. ನೋಂದಾಯಿತ ಸ್ಟುಡಿಯೊ ಕೂಡ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಅಡಿಯಲ್ಲಿ ಒಂದು ಸೇವಾ ಉದ್ಯಮವೇ. ಒಪ್ಪಂದವೇನೇ ಇದ್ದರೂ 45 ದಿನಗಳ ಒಳಗೆ ಅದಕ್ಕೆ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದು ಕಾಯಿದೆ ಹೇಳುತ್ತದೆ. ದೊಡ್ಡ ಕಂಪನಿಗಳಿಂದ ಬಾಕಿ ಬರಲಿಲ್ಲವೆಂದು ಇದೇ ಕಾಯಿದೆಯನ್ನು ಮುಂದಿಡುವ ಸಣ್ಣ ಕೈಗಾರಿಕೋದ್ಯಮಿಗಳು, ತಮಗಿಂತ ಸಣ್ಣವರ ಬಾಕಿಯ ವಿಷಯದಲ್ಲಿ ಅದನ್ನು ಮರೆಯಬಾರದು.

ಇನ್ನೊಂದು ರೂಢಿಯೂ ಚಿಂತನಾರ್ಹ. ಕೆಲಸ ಮೆಚ್ಚಿಗೆಯಾದರೂ ಎರಡು ಸಾಲು ಬರೆದುಕೊಡಲು, ವಿನ್ಯಾಸಕಾರನ ಹೆಸರನ್ನು ಪೊಟ್ಟಣದ ಮೂಲೆಯಲ್ಲಿ ಸಣ್ಣದಾಗಿ ಮುದ್ರಿಸಲು ಅನೇಕರು ಹಿಂಜರಿಯುತ್ತಾರೆ. ನಿಜವಾದ ಪ್ರಶಂಸೆ ದುರ್ಲಭವಾದಾಗಲೇ ನಕಲಿ ಪ್ರಶಂಸೆಗೆ ಬೆಲೆ ಬರುತ್ತದೆ.

ಬಹಿರಂಗ ದಾರಿ

ಹಾಗಾದರೆ ಕುತೂಹಲ ಕೆರಳಿಸುವ ಪ್ರಚಾರವೇ ಬೇಡವೇ? ಖಂಡಿತ ಬೇಕು. ಹೆಸರನ್ನು ನಾಲ್ಕು ದಿನ ತಡೆಹಿಡಿದು ಐದನೆಯ ದಿನ ಹೇಳುವ ಜಾಹೀರಾತಿನಲ್ಲಿ ತಪ್ಪಿಲ್ಲ, ಏಕೆಂದರೆ ನೋಡುವವನಿಗೆ ಅದು ಜಾಹೀರಾತೆಂಬುದು ಮೊದಲೇ ಗೊತ್ತು. ಭೇದವನ್ನು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು. ಇದರ ಹಿಂದೆ ಇರುವವರು ಯಾರೆಂದು ನಾಳೆ ಬಯಲಾದರೆ ಜನ ನಗುವರೇ, ಸಿಡಿಮಿಡಿಗೊಳ್ಳುವರೇ? ನಗುವಂತಿದ್ದರೆ ಮುಂದುವರಿಯಬಹುದು. ಸಿಡಿಮಿಡಿಗೊಳ್ಳುವಂತಿದ್ದರೆ ಇಂದೇ ಕೈಬಿಡುವುದು ಲೇಸು.

ಸ್ಟುಡಿಯೊಗಳಿಗೆ ಮುಕ್ತವಾದ ಮಾರ್ಗಗಳು ಹಲವು. ಗಿರಾಕಿಯ ಅನುಮತಿ ಪಡೆದು ಹಳೆಯ ಪೊಟ್ಟಣವನ್ನೂ ಹೊಸ ಪೊಟ್ಟಣವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಬಹುದು. ಕೈಗಾರಿಕಾ ಸಂಘಗಳ ಸಭೆಗಳಲ್ಲಿ ಒಂದು ಗಂಟೆ ಕುಳಿತು ಬಂದವರ ಪೊಟ್ಟಣ, ಕ್ಯಾಟಲಾಗುಗಳನ್ನು ನೋಡಿ ಸಲಹೆ ನೀಡಬಹುದು. ಪರಿಚಿತ ಸರಕಿಗೆ ಹೊಸ ರೂಪ ಕಲ್ಪಿಸಿದರೆ, ಇದು ಸ್ಟುಡಿಯೊದ ಸ್ವಂತ ಕಲ್ಪನೆ, ಕಂಪನಿಗೆ ಸಂಬಂಧವಿಲ್ಲ ಎಂದು ಚಿತ್ರದ ಮೇಲೆಯೇ ಬರೆಯಬಹುದು. ಹಣ ಕೊಟ್ಟು ಹೊಗಳಿಸಿದ್ದರೆ ಜಾಹೀರಾತು ಎಂಬ ಪದವನ್ನು ಸೇರಿಸಬೇಕು. ಭಾರತೀಯ ಜಾಹೀರಾತು ಮಾನಕ ಮಂಡಳಿಯ 2021ರ ಮಾರ್ಗಸೂಚಿಯಂತೆ ಈ ಸೂಚನೆ ಇಂಗ್ಲಿಷಿನಲ್ಲಿಯೋ ಜಾಹೀರಾತಿನ ಭಾಷೆಯಲ್ಲಿಯೋ ಇರಬೇಕು. ಕನ್ನಡದ ಪ್ರಚಾರಕ್ಕೆ ಕನ್ನಡದಲ್ಲಿಯೇ ಹಾಕುವುದು ಶೋಭೆ. ಸಣ್ಣ ಕೈಗಾರಿಕೆಗಳನ್ನೂ ವಿನ್ಯಾಸಕಾರರನ್ನೂ ಒಟ್ಟುಗೂಡಿಸಲು ಕೇಂದ್ರ ಸರ್ಕಾರವು 2010ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಮೂಲಕ ಡಿಸೈನ್ ಕ್ಲಿನಿಕ್ ಯೋಜನೆಯನ್ನು ಆರಂಭಿಸಿತ್ತು. 2022ರಿಂದ ಆ ನೆರವು ಎಂಎಸ್ಎಂಇ ಇನ್ನೋವೇಟಿವ್ ಯೋಜನೆಯ ವಿನ್ಯಾಸ ಘಟಕದಲ್ಲಿ ಸೇರಿದೆ. ಇಂಥ ಯೋಜನೆಯ ಮೂಲಕ ದೊರೆತ ಒಂದು ಕೆಲಸ ನೂರು ನಕಲಿ ನಕ್ಷತ್ರಗಳಿಗಿಂತ ಮಿಗಿಲು.

ಉದ್ಯಮಿಗಳು ಸ್ಟುಡಿಯೊವನ್ನು ಆರಿಸುವಾಗ ಮೂವರು ಹಳೆಯ ಗಿರಾಕಿಗಳ ಹೆಸರು ಕೇಳಿ, ಅವರನ್ನು ಸ್ವತಃ ವಿಚಾರಿಸಬೇಕು. ಮಾದರಿ ಬಿಡಿಸಿಕೊಂಡರೆ ಅದಕ್ಕೂ ಅಲ್ಪ ಸಂಭಾವನೆ ಸಲ್ಲಬೇಕು. ಕೆಲಸದ ಆದೇಶದಲ್ಲಿ ಮೂರು ಷರತ್ತುಗಳನ್ನು ಲಿಖಿತವಾಗಿ ಸೇರಿಸುವುದು ಸೂಕ್ತ: ನಮ್ಮ ಪರವಾಗಿ ನಕಲಿ ವಿಮರ್ಶೆ ಬರೆಯಿಸತಕ್ಕದ್ದಲ್ಲ, ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಪ್ರಚಾರವನ್ನೂ ಹೊರಬಿಡತಕ್ಕದ್ದಲ್ಲ, ಹಣ ಪಡೆದು ಹೊಗಳುವವರು ಅದನ್ನು ತಿಳಿಸತಕ್ಕದ್ದು. ಪ್ರಾಮಾಣಿಕ ಸ್ಟುಡಿಯೊ ಇದಕ್ಕೆ ತಕರಾರು ಮಾಡುವುದಿಲ್ಲ. ತಕರಾರು ಮಾಡುವ ಸ್ಟುಡಿಯೊ ತನ್ನ ಗುಣವನ್ನು ಮೊದಲೇ ತಿಳಿಸಿದಂತಾಗುತ್ತದೆ.

ವಿನ್ಯಾಸಕಾರನು ಮಾರುವುದು ಬಣ್ಣ, ಅಕ್ಷರಗಳನ್ನಷ್ಟೇ ಅಲ್ಲ; ಒಂದು ಸರಕಿನ ಗುಣವನ್ನು ನೋಡುವವನಿಗೆ ನಿಜವಾಗಿ ತಿಳಿಸುವ ಸಾಮರ್ಥ್ಯವನ್ನು. ತನ್ನ ಬಗ್ಗೆಯೇ ನಿಜ ಹೇಳಲಾರದವನು ಇನ್ನೊಬ್ಬರ ಸರಕಿನ ಬಗ್ಗೆ ಹೇಳಿದ್ದನ್ನು ಯಾರೂ ನಂಬರು. ತಯಾರಿಸಿದವನ ಹೆಸರು ವಿಳಾಸಗಳಿಲ್ಲದ ಪೊಟ್ಟಣವನ್ನು ಮಾರಾಟಕ್ಕಿಡಲು ಕಾನೂನು ಒಪ್ಪುವುದಿಲ್ಲ. ಆ ಪೊಟ್ಟಣವನ್ನು ವಿನ್ಯಾಸಗೊಳಿಸುವವರು ತಮ್ಮ ಪ್ರಚಾರಕ್ಕೂ ಅದೇ ನಿಯಮವನ್ನು ಪಾಲಿಸಲಿ, ಅವರಿಗೆ ಕೆಲಸ ಕೊಡುವವರು ಅದನ್ನು ಕೇಳಿ ಪಡೆಯಲಿ.